ಗೋಪುರದ ಹಾಸುಗಲ್ಲಿನ ಹುಲಿ-ಕುರಿ

ಸನ್ಮಾನ ಅಂದರೆ ನನಗೆ ಮೊದಲಿನಿಂದಲೂ ಆಗದು. ಶಾಲು ಹೊದಿಸಿ, ಕೈಗೊಂದು ಹಣ್ಣಿನ ಬುಟ್ಟಿ ತುರುಕಿ, ಫೋಟೊ ಮುಗಿಯುವ ತನಕ ಹಲ್ಲು ಕಿರಿಸಿ ನಿಲ್ಲಿಸುತ್ತಾರೆ. ಆದರೂ ಈ ನವೆಂಬರಿನಲ್ಲಿ ಒಪ್ಪಿಕೊಂಡೆ. ಕರೆಯಲು ಶಂಕರಪುರದ ಮನೆಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಈಗ ನಲವತ್ತು ದಾಟಿದೆ, ಕಟ್ಟಡದ ಕಂಟ್ರಾಕ್ಟರು, ಬಡಾವಣೆಯ ಕನ್ನಡ ಸಂಘದ ಅಧ್ಯಕ್ಷ ಬೇರೆ.

"ಕೆರೆ ಮೇಲಿನ ಗೋಪುರಾನ ನಮ್ ಸಂಘದಿಂದ ರಿಪೇರಿ ಮಾಡಿಸಿದೀವಿ ಮಿಸ್. ನೀವೇ ಬಂದು ಉದ್ಘಾಟನೆ ಮಾಡ್ಬೇಕು. ಅದರ ಇತಿಹಾಸ ನಾವು ಕಲ್ತಿದ್ದೇ ನಿಮ್ಮಿಂದ," ಅಂದ.

ಉಬ್ಬಿಹೋದೆ. ಸುಳ್ಳೇಕೆ ಹೇಳಲಿ?

ಗೋಪುರ ಅಂದರೆ ಭಾರಿ ಏನಲ್ಲ. ಬಂಡೆಯ ಮೇಲೆ ನಾಲ್ಕು ಕಲ್ಲುಕಂಬ, ಅದರ ಮೇಲೊಂದು ಗಿಡ್ಡ ಶಿಖರ, ಕೆಳಗೆ ಕೆರೆ. ಊರು ಇನ್ನೂ ಮಣ್ಣಿನ ಕೋಟೆಯೊಳಗಿದ್ದ ಕಾಲಕ್ಕೆ ಇದು ಊರಾಚೆಯ ಕಾವಲು. ದೂರದಲ್ಲಿ ಧೂಳೆದ್ದರೆ ಒಳಗಿನವರಿಗೆ ಸುದ್ದಿ ಮುಟ್ಟಿಸಬೇಕು, ಮಳೆಗಾಲದಲ್ಲಿ ಕೆರೆಯ ಏರಿ ಬಿರುಕು ಬಿಟ್ಟರೂ ಮುಟ್ಟಿಸಬೇಕು. ಪಾಠದಲ್ಲಿ ಇದ್ದದ್ದು ಕಟ್ಟಿಸಿದವರ ಹೆಸರು ಮಾತ್ರ. ಊರು ಗೋಪುರ ದಾಟಿ ಬೆಳೆದರೆ ಹಾಳಾಗುತ್ತದೆ ಅನ್ನುವ ಕಥೆಯನ್ನು ಮಕ್ಕಳ ಮುಂದೆ ನಾವೇ ಸೇರಿಸುತ್ತಿದ್ದೆವು. ಬಿಸಿಲಲ್ಲಿ ಅಲ್ಲಿ ನಿಂತವನು ಯಾರು ಅಂತ ಯಾವ ಪರೀಕ್ಷೆಯಲ್ಲೂ ಕೇಳಲಿಲ್ಲ.

ಕೇಳಿದ್ದು ನಮ್ಮಪ್ಪ. ಬಿನ್ನಿಪೇಟೆಯಲ್ಲಿ ಮಗ್ಗದ ಮುಂದೆ ನಿಂತು ದುಡಿಯುತ್ತಿದ್ದವರು, ಭಾನುವಾರ ನನ್ನನ್ನು ಗೋಪುರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಳಗಿನ ಹಾಸುಗಲ್ಲಿನ ಮೇಲೆ ಯಾರೋ ಉಳಿಯಿಂದ ಹುಲಿ-ಕುರಿ ಆಟದ ಮನೆ ಕೊರೆದಿದ್ದರು: ದೊಡ್ಡದೊಂದು ತ್ರಿಕೋನ, ಅದರೊಳಗೆ ಅಡ್ಡಗೆರೆಗಳು.

"ರಾಜ ಶಾಸನ ಬರೆಸ್ತಾನೆ ಪುಟ್ಟಾ. ಕಾವಲು ಕಾಯೋನು ಬರೆದಿಟ್ಟಿದ್ದು ಇದೊಂದೇ. ಈ ಗೆರೆ ಸೊಟ್ಟ ಆಗಿದೆ ನೋಡು, ಕೆಳಗಿಂದ ಯಾರೋ ಕೂಗಿರ್ಬೇಕು," ಅನ್ನುತ್ತಿದ್ದರು ಅಪ್ಪ.

ಹುಣಸೆಬೀಜ ಕುರಿ, ಬೆಣಚುಕಲ್ಲು ಹುಲಿ. ಹುಲಿ ಯಾವಾಗಲೂ ನನ್ನದೇ, ಸೋಲುತ್ತಿದ್ದದ್ದೂ ನಾನೇ. ಅಪ್ಪ ಹೋದ ಮೇಲೂ ಆ ಸೊಟ್ಟ ಗೆರೆಯ ಮೇಲೊಂದು ಬೆರಳಾಡಿಸಿ ಬರುತ್ತಿದ್ದೆ. ಮಂಡಿನೋವು ಬಂದಮೇಲೆ ಬಂಡೆ ಹತ್ತುವುದು ನಿಂತಿತು.

ಉದ್ಘಾಟನೆಯ ದಿನ ಆಟೋ ಇಳಿದು ತಲೆಯೆತ್ತಿದೆ. ಅಯ್ಯೋ ಶಿವನೇ! ಗೋಪುರಕ್ಕೆ ಅಡಿಯಿಂದ ಮುಡಿಯವರೆಗೆ ಆಯಿಲ್ ಪೇಂಟು, ಅರ್ಧ ಹಳದಿ, ಅರ್ಧ ಕೆಂಪು. ಬಾವುಟಕ್ಕೆ ಆ ಬಣ್ಣ ಚೆಂದ, ಬೇಡ ಅನ್ನಲು ನಾನ್ಯಾರು? ಉಸಿರಾಡುವ ಹಳೆ ಗಾರೆಗೆ ಬಳಿಯುವುದೇ? ಮೈಯೆಲ್ಲ ಉರಿದುಹೋಯಿತು. ಇಬ್ಬರ ಕೈ ಹಿಡಿದು ಬಂಡೆ ಹತ್ತಿ ಒಳಗೆ ಕಾಲಿಟ್ಟರೆ, ನೆಲಕ್ಕೆಲ್ಲ ಟೈಲ್ಸ್! ನಮ್ಮ ಬೀದಿಯ ಪ್ರತಿಯೊಂದು ಮನೆಯಲ್ಲೂ ಇರುತ್ತದಲ್ಲ, ಮುಖ ಕಾಣುವಂಥದ್ದು, ಅದೇ.

"ಯಾವ ಮುಠ್ಠಾಳ ಹಾಕಿಸಿದ್ದೋ ಇದನ್ನ?" ಭಾಷಣಕ್ಕೆ ಅಲ್ಲೇ ನಿಲ್ಲಿಸಿದ್ದ ಮೈಕು ಆನ್ ಇತ್ತು. ಕೆಳಗಿನ ಕುರ್ಚಿಗಳಿಗೆಲ್ಲ ಕೇಳಿಸಿತು. ಕೇಳಿಸಲಿ.

ಹುಡುಗನ ಮುಖ ಬಿಳಿಚಿಕೊಂಡಿತು. ನನಗಿನ್ನೂ ಅವನು ಹುಡುಗನೇ. "ನಾನೇ ಮಿಸ್. ಕಲ್ಲೆಲ್ಲ ಗೀಚಿ ಹಾಳಾಗಿತ್ತು. ಅದಕ್ಕೇ."

"ಅದು ಗೀಚಿದ್ದಲ್ಲ ಕಣೋ! ಕಾವಲಿನವರು ಆಡೋಕೆ ಕೊರೆದಿದ್ದು! ಇಡೀ ಗೋಪುರದಲ್ಲಿ ಉಳ್ಕೊಂಡಿದ್ದು ಅದೊಂದೇ! ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ಏನು ಕಲ್ತೆ ನನ್ನ ಹತ್ರ?"

ಅವನು ನನ್ನ ಹತ್ತಿರ ಸರಿದ. ಆಮೇಲೆ ಮೈಕಿಗೆ ಕೇಳದಂತೆ ಮೆಲ್ಲಗೆ ಹೇಳಿದ: "ಏಳನೇ ಕ್ಲಾಸಲ್ಲಿ ಇಲ್ಲಿಗೆ ಕರ್ಕೊಂಡ್ ಬಂದಿದ್ರಿ ಮಿಸ್. ನಾನು ಅದರ ಮೇಲೆ ಕಲ್ಲಿಟ್ಟು ಆಡ್ತಿದ್ದೆ. ಕೈ ಮೇಲೆ ಸ್ಕೇಲಲ್ಲಿ ಹೊಡೆದು, ಯಾರೋ ಪೋಲಿಗಳು ಗೀಚಿರೋದು, ಇದು ಇತಿಹಾಸ ಅಲ್ಲ, ನಾನ್ ಹೇಳೋದು ಕೇಳು ಅಂದಿದ್ರಿ."

ನೆನಪಾಯಿತು. ಆವತ್ತು ಇಲಾಖೆಯಿಂದ ಇನ್‌ಸ್ಪೆಕ್ಟರು ಜೊತೆಗೆ ಬಂದಿದ್ದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮಕ್ಕಳು ಶಿಸ್ತಾಗಿ ನಿಂತು ಕಟ್ಟಿಸಿದವರ ಹೆಸರು ಒಪ್ಪಿಸಬೇಕಿತ್ತು. ಇವನೊಬ್ಬ ನೆಲದ ಮೇಲೆ ಕೂತುಬಿಟ್ಟಿದ್ದ, ಕೈಯಲ್ಲಿ ಬೆಣಚುಕಲ್ಲು. ಎಲ್ಲ ಗೊತ್ತಿದ್ದೂ ಪೋಲಿಗಳು ಅಂದೆ. ಆ ಸಾಹೇಬರು ತಲೆದೂಗಿದರು ಅಂತ ಹಿಗ್ಗಿದ್ದೆ ಕೂಡ. ಥೂ ನನ್ನ ಜನ್ಮಕ್ಕೆ.

"ಕೀಳಿಸೋ. ಈಗಲೇ ಕೀಳಿಸು. ಕೆಳಗೆ ಕಲ್ಲು ಇರುತ್ತಲ್ಲ," ಅಂದೆ. ನನ್ನ ದನಿ ನನಗೇ ಗೋಗರೆದಂತೆ ಕೇಳಿತು.

ಅವನು ಮೂಲೆಯಲ್ಲಿದ್ದ ಗಾರೆ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿಗೆ ನಮ್ಮ ಜಗಳದ ತಲೆಬುಡ ಗೊತ್ತಿರಲಿಲ್ಲ. ಕೆಲಸದ ಬಗ್ಗೆ ಕೇಳುತ್ತಿದ್ದೇನೆ ಅಂದುಕೊಂಡು ಹೆಮ್ಮೆಯಿಂದಲೇ ಹೇಳಿದ.

"ಏನೂ ಯೋಚ್ನೆ ಮಾಡ್ಬೇಡಿ ಅಮ್ಮ, ಅಲ್ಲಾಡಲ್ಲ ಇದು. ನುಣ್ಣಗಿರೋ ಕಲ್ಲಿಗೆ ಸಿಮೆಂಟು ಹಿಡಿಯಲ್ಲ ಅಂತ ಎರಡು ದಿನ ಉಳಿ ಹಿಡಿದು ಪೂರ್ತಿ ಚಚ್ಚಿದೀವಿ. ಒಂದು ಗೆರೇನೂ ಬಿಟ್ಟಿಲ್ಲ."

ಯಾರೋ ಹಿಂದಿನಿಂದ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗ ಮಾತ್ರ ತಟ್ಟಲಿಲ್ಲ, ನನ್ನ ಪಕ್ಕ ಬಂದು ಕೇಳಿದ: "ಹೆಂಗಿತ್ತು ಮಿಸ್ ಅದು? ಗೆರೆಗಳು ನಂಗೆ ಸರಿಯಾಗಿ ನೆನಪಿಲ್ಲ. ಬರೆದು ತೋರಿಸ್ತೀರಾ?"

ಅಭ್ಯಾಸಬಲ, ಬ್ಯಾಗಿನಲ್ಲಿ ಈಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತದೆ. ಮಂಡಿಯೂರಿ ಕೂತೆ. ತ್ರಿಕೋನದಿಂದ ಶುರುಮಾಡಿದೆ, ಟೈಲ್ಸಿನ ಮೇಲೆ ಸೀಮೆಸುಣ್ಣ ಜಾರುತ್ತಲೇ ಹೋಯಿತು. ಒತ್ತಿ ಒತ್ತಿ ಎಳೆದೆ, ಮುರಿಯಿತು. ಒಂದು ಗೆರೆಯೂ ಮೂಡಲಿಲ್ಲ.