ಹೊಕ್ಕುಳಬಳ್ಳಿ ಕೇಳಲು ಹೋದ ರಾಧಾ

ಮಡಕಶಿರಾದ ರಾಧಾ ರಾಯದುರ್ಗಕ್ಕೆ ಸೊಸೆಯಾಗಿ ಬಂದವಳು. ಗಂಡ ಮಾರೇಶನ ಜೊತೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಪ್ಯಾಂಟಿನ ಜೇಬು ಹೊಲಿಯುತ್ತಲೇ ಒಂಬತ್ತು ತಿಂಗಳು ತುಂಬಿಸಿದಳು. ಹೆರಿಗೆಯೂ ಅಲ್ಲಿನ ಆಸ್ಪತ್ರೆಯಲ್ಲೇ ಆಯಿತು. ಗಂಡು ಕೂಸು. ಉಸಿರಾಟ ಸರಿಯಿಲ್ಲವೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತಾಯಿಯ ಹಾಲು ಒಂದು ಹನಿಯೂ ಬಾಯಿಗೆ ಬೀಳದೆ ಎರಡನೆಯ ದಿನವೇ ಹೋಯಿತು. ರಾಯದುರ್ಗಕ್ಕೆ ತಂದು ಮಣ್ಣು ಮಾಡಿದರು.

ಅಲ್ಲಿಗೆ ಮುಗಿಯಿತೇ? ಮುಗಿಯಲು ಬಿಡುವವರು ಯಾರು. ಹೊಕ್ಕುಳಬಳ್ಳಿ ಎಲ್ಲಿ ಹೂತಿರಿ ಎಂದು ಅತ್ತೆ ತಿಪ್ಪಕ್ಕ ಕೇಳಿದಳು. ರಾಧಾ ಇದ್ದದ್ದು ಇದ್ದ ಹಾಗೆ ಹೇಳಿದಳು. ಹೆರಿಗೆಗೆ ಮುಂಚೆ ಮೀನಾಕ್ಷಿ ಎಂಬ ಸಂಶೋಧಕಿ ವಾರ್ಡಿಗೆ ಬಂದು, ಬಳ್ಳಿಯನ್ನು ಲ್ಯಾಬಿಗೆ ಕೊಡುತ್ತೀರಾ ಎಂದು ಕೇಳಿದ್ದಳು. ಇವಳು ಹೂಂ ಅಂದಿದ್ದಳು.

“ಬಳ್ಳಿ ಹಿತ್ತಲ ಮಣ್ಣಿಗೆ ಸೇರಬೇಕವ್ವಾ. ಇಲ್ಲಂದ್ರ ಕೂಸು ಹಸಕೊಂಡು ಅಲಿತೈತಿ,” ಎಂದಳು ತಿಪ್ಪಕ್ಕ.

ಕೆಟ್ಟ ಮನಸ್ಸಿನಿಂದ ಅಂದ ಮಾತಲ್ಲ. ಮೊಮ್ಮಗನಿಗೆಂದು ಕುಲಾವಿ ಹೊಲಿದಿಟ್ಟುಕೊಂಡು ಕಾದಿದ್ದ ಜೀವ ಅದು. ಆದರೂ ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ರಾಧಾ ಹೇಗೋ ಒಂದು ತಿಂಗಳು ಕಳೆದಳು. ಆಮೇಲೆ ಬಳ್ಳಿ ವಾಪಸು ತರಲೇಬೇಕೆಂದು ಬೆಂಗಳೂರಿನ ಬಸ್ಸು ಹತ್ತಿದಳು.

ರಾಧಾ ಲ್ಯಾಬಿಗೆ ಬಂದ ಕಾರಣ ಕೇಳಿ ಮೀನಾಕ್ಷಿಯ ಮುಖ ಸಪ್ಪಗಾಯಿತು. ಕೂರಿಸಿ ನೀರು ಕೊಟ್ಟಳು. ಬಳ್ಳಿಯ ರಕ್ತನಾಳದ ಒಳಪದರದಿಂದ ಜೀವಕೋಶಗಳನ್ನು ಬಿಡಿಸಿ ಬೆಳೆಸಿದ್ದೆವು ಎಂದಳು. ಅವು ಎಷ್ಟು ಸಕ್ಕರೆ ತಿನ್ನುತ್ತವೆ, ಅದರಿಂದ ಎಷ್ಟು ಶಕ್ತಿ ಮಾಡಿಕೊಳ್ಳುತ್ತವೆ ಎಂಬುದನ್ನು ಅಳೆದು ಗಣಿತದ ಸಮೀಕರಣಗಳಲ್ಲಿ ಕೂರಿಸುವುದು ಅವಳ ಕೆಲಸ. ಸಕ್ಕರೆ ಕಾಯಿಲೆಯವರ ರಕ್ತನಾಳ ಯಾಕೆ ಕೆಡುತ್ತದೆಂದು ಆ ಲೆಕ್ಕದಿಂದ ತಿಳಿಯಬಹುದಂತೆ.

“ಲೆಕ್ಕ ನೀವೇ ಇಟ್ಕಳಿ ಮೇಡಂ. ಬಳ್ಳಿ ಕೊಡಿ, ಸಾಕು.”

“ಬಳ್ಳಿ ಇಲ್ಲ ರಾಧಾ. ಆ ಕೋಶಗಳೂ ಇಲ್ಲ. ಮೂರು ವಾರ ಬದುಕಿದ್ವು, ಆಮೇಲೆ ಸತ್ತುಹೋದ್ವು. ಉಳಿದಿರೋದು ಇದೊಂದೇ.”

ಕಂಪ್ಯೂಟರಿನಲ್ಲಿ ಒಂದು ಗೆರೆ ಮೆಲ್ಲಗೆ ಮೇಲೇರಿತ್ತು. ಕೋಶಗಳು ತಿಂದ ಸಕ್ಕರೆಯ ಗೆರೆ. ರಾಧಾ ಅದನ್ನೇ ನೋಡುತ್ತ ಕುಳಿತಳು.

“ಹಾಲೇ ಕುಡೀಲಿಲ್ಲ ಮೇಡಂ ಅವ್ನು. ಇಲ್ಲಿ ತಿಂತಿದ್ನಾ?”

ಅದು ಮಗುವಲ್ಲ, ಬರೀ ಕೋಶ ಎಂದು ಮೀನಾಕ್ಷಿ ತಿದ್ದಬೇಕಿತ್ತು. ಯಾವ ಬಾಯಲ್ಲಿ ತಿದ್ದುವುದು?

“ಹೂಂ ರಾಧಾ. ಚೆನ್ನಾಗಿ ತಿಂತಿದ್ವು.”

ರಾಧಾ ಮನೆಗೆ ಬಂದಾಗ ತಿಪ್ಪಕ್ಕ ಹಿತ್ತಲಲ್ಲಿ ಗುಂಡಿ ತೋಡಿಟ್ಟು ಕಾಯುತ್ತಿದ್ದಳು. ಸೊಸೆ ನೇರ ಅಡುಗೆಮನೆಗೆ ಹೋದಳು. ಒಂದು ಹಿಡಿ ಸಕ್ಕರೆ ತಂದು ಗುಂಡಿಗೆ ಹಾಕಿ ಮಣ್ಣೆಳೆದಳು.

“ಇದೇನವ್ವಾ, ಸಕ್ಕರಿ ಯಾಕ ಹಾಕ್ತಿ? ಬಳ್ಳಿ ಎಲ್ಲೈತಿ?”

“ಬಳ್ಳಿ ಸಿಗ್ಲಿಲ್ಲ ಅತ್ತೆ,” ಎಂದಳು ರಾಧಾ. ಮಣ್ಣು ತಟ್ಟುತ್ತಿದ್ದ ಕೈ ನಿಲ್ಲಲಿಲ್ಲ. “ಹಸ್ಕಂಡು ಹೋಗ್ಲಿಲ್ವಂತೆ, ನನ್ ಕೂಸು.”