ಮೆಣಸಿನಕಾಯಿ ಗೋದಾಮಿನ ಗಿಟಾರು

ಬ್ಯಾಡಗಿಯ ಹಮಾಲಿ ಕೊಟ್ರೇಶನಿಗೆ ಎರಡೇ ಹುಚ್ಚು. ಒಂದು ನಿರ್ಮಲಾ, ಕಟ್ಟಿಕೊಂಡದ್ದಾಯಿತು. ಇನ್ನೊಂದು ಗಿಟಾರು, ಅದು ಬಿಡಲಿಲ್ಲ. ಹಾವೇರಿಯ ಮದುವೆ ಆರ್ಕೆಸ್ಟ್ರಾದಲ್ಲಿ ಕುಣಿಯುವವರಿಗಾಗಿ ದಡಬಡ ಬಾರಿಸಿ ಬಂದವನು ಮನೆಯಲ್ಲಿ ಮೆತ್ತಗೆ ಜಾಝ್ ನುಡಿಸುತ್ತಿದ್ದ. ಅದರೊಳಗೆ ಅಮೆರಿಕದ ಕಪ್ಪು ಜನರ ಬ್ಲೂಸಿನ ಸಂಕಟ, ಸೋಲ್ ಹಾಡುಗಳ ಬಿಸುಪು. ಹಾಡುವವರೇ ಇಲ್ಲದ ಇದೆಂಥ ಸಂಗೀತವೋ ಎಂದು ನಕ್ಕವರೇ ಹೆಚ್ಚು. ನಗಲಿ ಬಿಡಿ, ಊರ ಬಾಯಿಗೆ ಬೀಗ ಹಾಕಲು ಯಾರಿಗಾದೀತು? ಅವನು ಆಲ್ಬಮ್ಮಿಗೇ ಕೈಹಾಕಿದ.

ರೆಕಾರ್ಡಿಂಗ್ ನಡೆದದ್ದು ಅವನು ಚೀಲ ಹೊರುವ ಸಾವಕಾರರ ಗೋದಾಮಿನಲ್ಲಿ. ಸುತ್ತ ಮೆಣಸಿನಕಾಯಿ ಚೀಲ ಒಟ್ಟಿದ್ದರೆ ದನಿ ಗೋಡೆಗೆ ಬಡಿದು ಗುಂಯ್‌ಗುಡುವುದಿಲ್ಲ, ಕಂಬಳಿ ಹೊದ್ದಂತೆ ಮೆತ್ತಗಾಗುತ್ತದೆ. ಯಂತ್ರ ನೋಡಿಕೊಳ್ಳುತ್ತಿದ್ದವಳು ನಿರ್ಮಲಾ. ಇನ್ನೊಂದೇ ಟ್ಯೂನು ಉಳಿದಿತ್ತು, ಎಲ್ಲಕ್ಕಿಂತ ನಿಧಾನದ್ದು. ಅಷ್ಟರಲ್ಲಿ, ಚೀಲ ಒಯ್ಯಲು ನಾಳೆ ಬರಬೇಕಿದ್ದ ಲಾರಿ ಇವತ್ತೇ ಬಂದು ನಿಂತಿತು.

ಕೊಟ್ರೇಶ ಮಾಡಿದ್ದು ಅಪ್ಪಟ ಹಮಾಲಿಯ ತಪ್ಪು. ತಂಡದಲ್ಲಿ ಒಬ್ಬ ಕುಳಿತರೆ ಅವನ ಭಾರ ಉಳಿದವರ ಬೆನ್ನಿಗೆ. ಆ ನಾಚಿಕೆಗೆ, ಒಂದು ಟ್ಯೂನು ಬಾಕಿಯಿದೆ ಎಂದು ಹೇಳದೆ ತಾನೂ ಚೀಲ ಹೊರತೊಡಗಿದ. ಗೋದಾಮು ಮುಕ್ಕಾಲು ಖಾಲಿಯಾದಾಗ ನಿರ್ಮಲಾ ಚಪ್ಪಾಳೆ ತಟ್ಟಿ ನೋಡಿದಳು. ದನಿ ಮೂಲೆಮೂಲೆಯಿಂದ ತಿರುಗಿ ಬಂತು. ಆಗಷ್ಟೇ ಅವನು ತಂಡದವರಿಗೆ ವಿಷಯ ಹೇಳಿದ. ಏರಿಸಿದ ಮಾಲು ಇಳಿಸಲು ಸಾವಕಾರರು ಒಪ್ಪುವ ಮಾತೇ ಇಲ್ಲ.

“ಮೊದ್ಲ ಹೇಳಾಕ ಏನಾಗಿತ್ತು ನಿನಗ?” ಎಂದ ತಂಡದ ಹಿರಿಯ ಭರಮಣ್ಣ.

“ಹೆಂಗ ಹೇಳ್ಲಿ ಕಾಕಾ? ನಿಮಗ ಭಾರ ಆಗ್ತಿತ್ತು.”

“ಈಗೇನ ಹಗುರ ಆತೇನ? ಕುಂದ್ರು. ಬಾರಿಸು.”

ಉಳಿದ ಚೀಲಗಳನ್ನು ನೆಲಕ್ಕಿಟ್ಟರೆ ಮೊಣಕಾಲೆತ್ತರ, ಬೆನ್ನಿಗೇರಿಸಿದರೆ ತಲೆಯೆತ್ತರ. ಭರಮಣ್ಣ ತಂಡದವರಿಗೆಲ್ಲ ಒಂದೊಂದು ಹೊರಿಸಿ, ತಾನೂ ಒಂದು ಹೊತ್ತು, ಗಿಟಾರಿನ ಸುತ್ತ ಒತ್ತೊತ್ತಾಗಿ ನಿಲ್ಲಿಸಿದ.

“ನಮ್ಮನ್ನ ನೋಡಿ ಲಗೂ ಮುಗಸಬ್ಯಾಡ,” ಎಂದ.

ಕೊಟ್ರೇಶ ನುಡಿಸಿದ. ಘಾಟು ಎಲ್ಲರ ಗಂಟಲಿಗೇರಿತ್ತು, ಒಬ್ಬ ಕೆಮ್ಮಿದರೂ ಮುಗಿಯಿತು, ಯಾರೂ ಕೆಮ್ಮಲಿಲ್ಲ. ನಡುವೆ ಭರಮಣ್ಣನ ಮೀನಖಂಡ ಅದುರುವುದು ಕಣ್ಣಿಗೆ ಬಿತ್ತು. ಬೇಗ ಮುಗಿಸಿಬಿಡೋಣ ಎಂದು ಬೆರಳು ತವಕಿಸಿದವು. ಅವನಿಗೆ ಅಳು ಬಂತು. ಆದರೂ ಓಡಿಸಲಿಲ್ಲ. ತಡೆಯಬೇಕಾದಲ್ಲಿ ತಡೆದು, ಎಳೆಯಬೇಕಾದಲ್ಲಿ ಎಳೆದು, ಕೊನೆಯ ತಂತಿಯ ದನಿ ತಾನಾಗಿ ಆರುವವರೆಗೂ ಕಾದ.

ಸದ್ದು ಬೇಡವೆಂದು ಎತ್ತಿದ್ದ ಕೈಯನ್ನು ನಿರ್ಮಲಾ ಇಳಿಸಿದಳು. ಧಪಧಪ ಚೀಲ ಬಿದ್ದವು, ಎಲ್ಲರೂ ಒಟ್ಟಿಗೇ ಕೆಮ್ಮಿದರು. ಭರಮಣ್ಣ ಮಾತ್ರ ಚೀಲ ಇಳಿಸಿರಲಿಲ್ಲ.

“ತಪ್ಪೇನರ ಆಗಿದ್ರ ಹೇಳಪ,” ಎಂದ, “ಇನ್ನೊಮ್ಮೆ ನಿಲ್ತೀವಿ.”