ನಾಳೆ ಮತ್ತೆ ಊರು

ಜಗಳೂರು ತಾಲ್ಲೂಕಿನ ಸೊಕ್ಕೆಗೆ ಸೊಸೆಯಾಗಿ ಬಂದಾಗ ಆ ಹೆಸರಿಗೆ ತಕ್ಕಷ್ಟು ಸೊಕ್ಕನ್ನು ನಾನೇ ಹೊತ್ತು ತಂದಿದ್ದೆ. ಹೊನ್ನಾಳಿ ಕಡೆಯ ನಾಲೆ ನೀರಿನಲ್ಲಿ ಬೆಳೆದವಳು, ಕನ್ನಡ ಎಂ.ಎ. ಮಾಡಿದವಳು, ನ್ಯಾಮತಿಯಲ್ಲಿ ಎರಡು ವರ್ಷ ಪಿಯುಸಿ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವಳು. ‘ಊರು’ ಎಂಬುದು ನಾಮಪದವಾದಾಗ ಹಳ್ಳಿ, ಕ್ರಿಯಾಪದವಾದಾಗ ನೆಡು, ನಾಟು. ಕಾಲೂರು, ಬೇರೂರು, ತಳವೂರು ಎಲ್ಲ ಅದರ ಬಳಗ ಎಂದು ಬೋರ್ಡಿನ ನಡುವೆ ಗೆರೆ ಎಳೆದು ಬರೆದಿದ್ದೆ. ಪರೀಕ್ಷೆಯಲ್ಲಿ ತಪ್ಪು ಬರೆದವರಿಗೆ ಒಂದು ಅಂಕವನ್ನೂ ಕೊಟ್ಟವಳಲ್ಲ.

ನನ್ನ ತವರಿನದು ಭತ್ತದ ಗದ್ದೆ. ಅಲ್ಲಿ ನಾಟಿ ಹಚ್ಚುತ್ತಾರೆ. ಸತ್ತ ಸಸಿಯ ಜಾಗಕ್ಕೆ ಇನ್ನೊಂದನ್ನು ಹಚ್ಚುತ್ತಾರೆ. ‘ಊರು’ ಎಂಬ ಕ್ರಿಯಾಪದ ಪುಸ್ತಕ ಬಿಟ್ಟು ಗದ್ದೆಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ. ಸೊಕ್ಕೆಯಲ್ಲಿ ಮೆಕ್ಕೆಜೋಳ. ಮದುವೆಯಾದ ಮೊದಲ ಮುಂಗಾರಿಗೆ ಅತ್ತೆ ನನಗೂ ಎರಡು ಸಾಲು ಒಪ್ಪಿಸಿದರು. ಹೇಗೆ ಎಂದು ತೋರಿಸಲು ಬಂದರೆ, ಕಾಳು ಹಾಕುವುದರಲ್ಲಿ ಏನು ಮಹಾ ಎಂಬಂತೆ ತಲೆಯಾಡಿಸಿದೆ. ಕಾಗೆ ಕೆದಕಿ ತಿನ್ನಬಾರದೆಂದು ಒಂದೊಂದು ಕಾಳನ್ನೂ ಬೆರಳು ಪೂರ್ತಿ ಮುಳುಗುವಷ್ಟು ಆಳಕ್ಕೆ ತಳ್ಳಿ, ಮೇಲೆ ಹಿಮ್ಮಡಿಯಿಂದ ತುಳಿದೆ. ಬಿತ್ತಿದೆ ಎನ್ನುವುದಕ್ಕಿಂತ ಹೂತೆ ಎನ್ನುವುದೇ ಸರಿ.

ಹತ್ತು ದಿನಕ್ಕೆ ಅತ್ತೆಯ ಸಾಲುಗಳು ಹಸಿರಾದವು. ನನ್ನವು ಬೋಳು. ಸಂಜೆ ಹೊಲದಿಂದ ಬಂದ ಅತ್ತೆ ಕಾಲು ತೊಳೆಯುತ್ತ, ನನ್ನ ಮುಖವನ್ನೂ ನೋಡದೆ ಹೇಳಿದರು: “ನಿನ್ನ ಸಾಲಾಗೆ ಒಂದೂ ಹುಟ್ಟಿಲ್ಲ ಕಣವ್ವ. ನಾಳೆ ಮತ್ತೆ ಊರು.”

ನನಗೆ ಕೇಳಿಸಿದ್ದು ನಾಮಪದ. ಎರಡು ಸಾಲು ಜೋಳ ಹುಟ್ಟಲಿಲ್ಲವೆಂದು ಸೊಸೆಯನ್ನು ಅವಳ ಊರಿಗೆ ಅಟ್ಟುವ ಮನೆಯೇ ಇದು? ಸಿಟ್ಟು ನೆತ್ತಿಗೇರಿತು. ಗೊಬ್ಬರ ತರಲು ಜಗಳೂರಿಗೆ ಹೋಗಿದ್ದ ಗಂಡ ಅಲ್ಲೇ ಅಕ್ಕನ ಮನೆಯಲ್ಲಿ ಉಳಿದಿದ್ದರು, ಕೇಳೋಣವೆಂದರೆ ಫೋನಿಗೂ ಸಿಗಲಿಲ್ಲ. ಸೀರೆಗಳನ್ನು ಬ್ಯಾಗಿಗೆ ತುರುಕಿದೆ, ಮೇಲೆ ನನ್ನ ದಪ್ಪ ನಿಘಂಟನ್ನೂ ಇಟ್ಟೆ. ಅದನ್ನು ತೆರೆದು ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಸಿಟ್ಟಿನ ಅಡಿಯಲ್ಲಿ ಇದ್ದದ್ದು ಭಯ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಇವರಿಗೆ ನಾನು ಇಷ್ಟು ಬೇಗ ಬೇಡವಾದೆನೇ?

ಬೆಳಿಗ್ಗೆ ಬ್ಯಾಗಿನೊಂದಿಗೆ ಬಾಗಿಲಿಗೆ ಬಂದೆ. ಅತ್ತೆ ಬೀಜದ ಪುಟ್ಟಿ ಹಿಡಿದು ಅಂಗಳದಲ್ಲಿ ನನಗಾಗಿಯೇ ಕಾಯುತ್ತಿದ್ದರು.

“ಅಷ್ಟು ದೊಡ್ಡ ಬ್ಯಾಗು ಯಾಕವ್ವ? ಎರಡು ಸಾಲು ಊರಾಕೆ ಎರಡು ಹಿಡಿ ಕಾಳು ಸಾಕು.”

ಊರಿಗೆ ಹೋಗೆಂದು ನೀವೇ ಹೇಳಿದಿರಲ್ಲ ಎಂದು ಮೂಗೊರೆಸಿಕೊಳ್ಳುತ್ತ ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪುಟ್ಟಿ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ಓದಿದವಳು ನೀನು, ನಾನು ಓದದಿದ್ದದ್ದೇ ಒಳ್ಳೆಯದಾಯಿತು ಎಂದರು. ಆಮೇಲೆ ಬ್ಯಾಗನ್ನು ತಾವೇ ಒಳಗಿಟ್ಟು ಬಂದು ನನ್ನ ಮಡಿಲಿಗೆ ಕಾಳು ಸುರಿದರು. ಹೊಲದಲ್ಲಿ ನನ್ನ ಬೆರಳು ಹಿಡಿದು ಎರಡು ಗೆಣ್ಣು ಎಣಿಸಿ ತೋರಿಸಿದರು.

“ಇಷ್ಟೇ ಆಳ. ತುಳಿದ್ರೆ ಹೆಂಗೆ ಮೇಲಕ್ಕೆ ಬರ್ತೈತೆ?”

ಸುದ್ದಿ ಮಧ್ಯಾಹ್ನದೊಳಗೆ ಕೇರಿಯೆಲ್ಲ ತಿರುಗಿತು. ನಾನು ಹೊಲಕ್ಕೆ ಹೊರಟರೆ ಸಾಕು, ಬ್ಯಾಗು ಮರೆತೆಯಲ್ಲವ್ವ ಎಂದು ಯಾರಾದರೂ ಕೂಗುತ್ತಿದ್ದರು. ಚನ್ನಗಿರಿಯಿಂದ ಬಂದ ನಾದಿನಿಯಂತೂ ಬ್ಯಾಗನ್ನು ಅಟ್ಟದ ಮೇಲಿಟ್ಟು ಏಣಿ ತೆಗೆದುಬಿಟ್ಟಳು.

ವಾರ ಕಳೆದು ಎರಡನೇ ಸಲ ಊರಿದ್ದು ಹುಟ್ಟಿತು. ನಾನು ಬದುವಿನ ಮೇಲೆ ಕೂತು ಎರಡೆರಡು ಎಲೆಯ ಸಸಿಗಳನ್ನು ಮೂರನೇ ಬಾರಿ ಎಣಿಸುತ್ತಿದ್ದಾಗ ಹೊನ್ನಾಳಿಯಿಂದ ಅವ್ವನ ಫೋನು ಬಂತು. ಪಂಚಮಿಗೆ ಯಾವತ್ತು ಬರುತ್ತೀಯ, ಅಣ್ಣನನ್ನು ಕಳಿಸಲೇ ಎಂದು ಕೇಳಿದಳು. ಕಣ್ಣು ಸಾಲಿನ ಮೇಲೆಯೇ ಇತ್ತು.

“ಈಗ್ಲೇ ಬರಾಕೆ ಆಗಲ್ಲ ಕಣವ್ವ. ಸಸಿ ಇನ್ನೂ ಎಳೇವು. ಒಂದು ಸಲ ಕಳೆ ತೆಗೆದು ನಿಮ್ಮೂರಿಗೆ ಬರ್ತೀನಿ.”

ಆ ಕಡೆಯಿಂದ ಅವ್ವ ನನ್ನ ಮಾತು ತಡೆದಳು.

“ಯಾರೂರಿಗೆ?” ಅಂದಳು.